ತಂಬೂರಿ ಪ್ಲಗಿನ್ನಿನ ಪೂರ್ವಜರು

"ಒಂದು ತಂತಿ ಮೀಟಿದ್ರೆ ಚೆನ್ನಾಗೇ ಬರುತ್ತೆ ಮೇಡಂ. ನಾಲ್ಕೂ ಮೀಟಿದ್ರೆ ಎಲ್ಲ ಕಲಸಿಹೋಗುತ್ತೆ."

ಸಿಸೌಂಡ್ ಎಂಬ ಸಂಗೀತ ತಂತ್ರಾಂಶದೊಳಗೆ ತಮ್ಮದೇ ತಂಬೂರಿ ನುಡಿಸಬೇಕೆಂದು ಸಿ ಭಾಷೆಯಲ್ಲಿ ಪ್ಲಗಿನ್ ಬರೆಯಲು ಕೂತ ಹುಡುಗರಿಂದ ನಾನು ಹೆಚ್ಚಾಗಿ ಕೇಳುವ ದೂರು ಇದು. ಕೋಡ್ ತೆರೆಯುವ ಮೊದಲೇ ನಾನು ಕೇಳುವುದು ಒಂದೇ ಮಾತು: "ಎಲ್ಲಾದರೂ ಸ್ಟ್ಯಾಟಿಕ್ ಅಂತ ಬರೆದಿದ್ದೀಯೇನಪ್ಪಾ?" ಬರೆದಿರುತ್ತಾರೆ. ಸ್ಟ್ಯಾಟಿಕ್ ಎಂದ ಜಾಗ ಇಡೀ ಪ್ಲಗಿನ್ನಿಗೆ ಒಂದೇ. ಪಂಚಮದ ತಂತಿ ಅಲ್ಲಿ ತನ್ನ ಲೆಕ್ಕ ಬರೆದಿಟ್ಟರೆ ಅದರ ಮೇಲೆ ಸಾರಣಿ ತನ್ನದನ್ನು ಬರೆಯುತ್ತದೆ, ಆಮೇಲೆ ಅನುಸಾರಣಿ, ಆಮೇಲೆ ಮಂದ್ರ ಷಡ್ಜ. ಯಾರ ಕಂಪನವೂ ಯಾರದಾಗಿಯೂ ಉಳಿಯುವುದಿಲ್ಲ.

ಪ್ರತಿ ತಂತಿಗೂ ಬೇರೆ ಜಾಗ ಕೊಡು ಎಂದು ಹೇಳಿ ಕಳಿಸಿಬಿಡಬಹುದು. ನಾನು ಹಾಗೆ ಕಳಿಸುವುದಿಲ್ಲ. ಈ ಕಟ್ಟಳೆ ಎಲ್ಲಿಂದ ಬಂತೆಂದು ತಿಳಿದವರು ಮುಂದಿನ ದೋಷವನ್ನು ತಾವೇ ಹಿಡಿಯುತ್ತಾರೆ ಎಂಬುದು ಇಷ್ಟು ವರ್ಷ ಇಂಥ ಕೋಡ್ ಓದಿ ನನಗೆ ಬಂದ ನಂಬಿಕೆ. ಹಾಗಾಗಿ ಅವರನ್ನು ಕೂರಿಸಿಕೊಂಡು 1957ರಿಂದ ಶುರುಮಾಡುತ್ತೇನೆ.

ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿ ಬೆಲ್ ಪ್ರಯೋಗಾಲಯವಿತ್ತು. ಅಲ್ಲಿ ಮಾತಿನ ಧ್ವನಿಯನ್ನು ಅಂಕಿಗಳಾಗಿಸಿ ಮತ್ತೆ ಧ್ವನಿಯಾಗಿಸುವ ಕೆಲಸದಲ್ಲಿದ್ದವರು ಮ್ಯಾಕ್ಸ್ ಮ್ಯಾಥ್ಯೂಸ್, ಪಿಟೀಲು ನುಡಿಸುತ್ತಿದ್ದ ಎಂಜಿನಿಯರ್. ಮಾತನ್ನು ಅಂಕಿಯಿಂದ ಮರಳಿ ಪಡೆಯಬಹುದಾದರೆ ಸಂಗೀತವನ್ನು ಅಂಕಿಯಿಂದಲೇ ಹುಟ್ಟಿಸಬಾರದೇಕೆ ಎಂದು ಅವರು ಮ್ಯೂಸಿಕ್ ಎಂಬ ಪ್ರೋಗ್ರಾಮ್ ಬರೆದರು. ಸಹೋದ್ಯೋಗಿ ನ್ಯೂಮನ್ ಗುಟ್‌ಮನ್ ಅದಕ್ಕೆ ರಚಿಸಿಕೊಟ್ಟ ಕೃತಿ 17 ಸೆಕೆಂಡಿನದು. ಒಂದೇ ದನಿ, ತ್ರಿಕೋನಾಕಾರದ ಒಂದೇ ಅಲೆ. ಸ್ಥಾಯಿ, ಜೋರು, ಅವಧಿ ಇಷ್ಟನ್ನೇ ಬದಲಿಸಲು ಸಾಧ್ಯವಿತ್ತು. ಸ್ವರ ಹೇಗೆ ಏಳಬೇಕು, ಹೇಗೆ ಇಳಿಯಬೇಕು ಎಂಬುದರ ಮೇಲೆ ಹಿಡಿತವೇ ಇರಲಿಲ್ಲ.

ಆ 17 ಸೆಕೆಂಡಿಗೆ ಪಟ್ಟ ಪಾಡನ್ನು ನಾನು ವಿವರವಾಗಿ ಹೇಳುತ್ತೇನೆ. ಲೆಕ್ಕ ಮಾಡಬೇಕಾದ ಐಬಿಎಂ 704 ಯಂತ್ರ ಇದ್ದದ್ದು ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದಲ್ಲಿ. ಅಂಕಿಗಳನ್ನು ವಿದ್ಯುತ್ ಅಲೆಯಾಗಿಸುವ ಪರಿವರ್ತಕ ಇದ್ದದ್ದು ಮರ್ರೆ ಹಿಲ್‌ನಲ್ಲಿ. ಅಲ್ಲಿ ಲೆಕ್ಕ ಮಾಡಿಸಿ, ಅಂಕಿಗಳನ್ನು ಕಾಂತೀಯ ಟೇಪಿಗೆ ಬರೆಸಿ, ಟೇಪ್ ಹೊತ್ತು ತಂದು, ಇಲ್ಲಿ ಧ್ವನಿಯಾಗಿಸಿ ಕೇಳಬೇಕು. ಎಲ್ಲೋ ತಪ್ಪಿದೆ ಎಂದು ಕಿವಿಗೆ ಗೊತ್ತಾಗುವುದು ಇಷ್ಟೆಲ್ಲ ಆದ ಮೇಲೆ. ಇಂದು ಕಂಪೈಲ್ ಮಾಡಿ ಮರುಗಳಿಗೆಗೆ ಕೇಳಬಲ್ಲ ನಮ್ಮ ಹುಡುಗರು ಕೋಡನ್ನು ಅಲ್ಲಿ ಇಲ್ಲಿ ತಿದ್ದಿ ತಿದ್ದಿ ನೋಡುತ್ತಾರೆ. ಮ್ಯಾಥ್ಯೂಸ್ ಕಾಲದವರಿಗೆ ಆ ಅವಕಾಶ ಇರಲಿಲ್ಲ. ಕೇಳಿಸಿದ್ದನ್ನು ಹಿಡಿದು ಕಾಗದದ ಮೇಲೆ ಕಾರಣ ಹುಡುಕಿಯೇ ಮತ್ತೆ ಯಂತ್ರದ ಬಳಿ ಹೋಗಬೇಕು. ಆ ಶಿಸ್ತು ಇಂದಿಗೂ ಅತ್ಯುತ್ತಮ ಉಪಕರಣವೆಂದೇ ನಾನು ಹೇಳುವುದು.

1960ರ ಮ್ಯೂಸಿಕ್ 3ರಲ್ಲಿ ನಮಗೆ ಬೇಕಾದ ತಿರುವು ಬಂತು. ಸಂಗೀತಗಾರರಿಗೆ ಸಿದ್ಧವಾದ ವಾದ್ಯ ಕೊಡುವ ಬದಲು ವಾದ್ಯದ ಬಿಡಿಭಾಗಗಳನ್ನು ಕೊಡೋಣ ಎಂದು ಮ್ಯಾಥ್ಯೂಸ್ ನಿರ್ಧರಿಸಿದರು. ಅಲೆ ಹುಟ್ಟಿಸುವುದು ಒಂದು, ಕೂಡಿಸುವುದು ಒಂದು, ಏರಿಳಿತ ಕೊಡುವುದು ಒಂದು. ಯೂನಿಟ್ ಜನರೇಟರ್ ಎಂದು ಕರೆದ ಈ ಭಾಗಗಳನ್ನು ಹೇಗೆ ಬೇಕಾದರೂ ಜೋಡಿಸಿಕೊಳ್ಳಿ, ಒಂದನ್ನೇ ಹತ್ತು ಕಡೆ ಬಳಸಿ ಎಂದರು. ಹತ್ತು ಕಡೆ ಬಳಸಬೇಕಾದರೆ ಕೋಡ್ ಒಂದೇ ಇದ್ದರೂ ಬಳಸಿದ ಪ್ರತಿ ಕಡೆಯ ಅಂಕಿಗಳು ಬೇರೆ ಬೇರೆ ಇರಬೇಕು. ಸ್ಟ್ಯಾಟಿಕ್ ಎಂದು ಬರೆದ ಹುಡುಗ ಮುರಿದದ್ದು ಆ ನಿರ್ಧಾರವನ್ನು. ಇದನ್ನು ಕೇಳಿದ ಮೇಲೆ ಅವನು ಆ ಪದ ಮತ್ತೆ ಬರೆಯುವುದಿಲ್ಲ.

1963ರ ಮ್ಯೂಸಿಕ್ 4ನ್ನು ಮ್ಯಾಥ್ಯೂಸ್ ಜೊತೆ ಸೇರಿ ಬರೆದವರು ಜೋನ್ ಮಿಲ್ಲರ್. ಈ ಚರಿತ್ರೆ ಹೇಳುವವರು ಅವರ ಹೆಸರನ್ನು ಹೆಚ್ಚಾಗಿ ದಾಟಿಬಿಡುತ್ತಾರೆ, ನಾನು ಪ್ರತಿ ಸಲವೂ ಹೇಳುತ್ತೇನೆ. ಪ್ರೋಗ್ರಾಮ್ ಅಲ್ಲಿಂದ ವಿಶ್ವವಿದ್ಯಾಲಯಗಳಿಗೆ ಹರಡಿತು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಬ್ಯಾರಿ ವರ್ಕೋ ಐಬಿಎಂ 360 ಯಂತ್ರಕ್ಕೆ ಮ್ಯೂಸಿಕ್ 360 ಬರೆದರು. 1973ರ ಹೊತ್ತಿಗೆ ಅವರು ಎಂಐಟಿಯಲ್ಲಿ ಪಿಡಿಪಿ-11 ಎಂಬ ಚಿಕ್ಕ ಯಂತ್ರಕ್ಕೆ ಮ್ಯೂಸಿಕ್ 11 ಬರೆಯುತ್ತಿದ್ದರು. ಚಿಕ್ಕ ಯಂತ್ರಕ್ಕೆ ಎಲ್ಲವನ್ನೂ ಪ್ರತಿ ಸ್ಯಾಂಪಲ್‌ಗೂ, ಅಂದರೆ ಅಲೆಯ ಒಂದೊಂದು ಅಂಕಿಗೂ, ಲೆಕ್ಕ ಹಾಕುವುದು ಭಾರ. ಗಮಕದ ತೂಗು, ದನಿಯ ಏರಿಳಿತ ನಿಧಾನವಾಗಿ ಬದಲಾಗುತ್ತವೆ. ಅವನ್ನು ಕಡಿಮೆ ವೇಗದಲ್ಲಿ ಲೆಕ್ಕ ಹಾಕಿದರೆ ಸಾಕು ಎಂದು ವರ್ಕೋ ಎರಡು ವೇಗ ಮಾಡಿದರು.

ಆ ಎರಡು ವೇಗ ಇಂದಿಗೂ ಉಳಿದಿದೆ. ಸಿಸೌಂಡ್‌ಗೆ ನೀವು ಏನನ್ನೂ ಹೇಳದಿದ್ದರೆ ಸೆಕೆಂಡಿಗೆ 44,100 ಸ್ಯಾಂಪಲ್, 4,410 ನಿಯಂತ್ರಣದ ಸುತ್ತು. ಅಂದರೆ ಪ್ಲಗಿನ್ನನ್ನು ಕರೆದಾಗಲೆಲ್ಲ ಅದು 10 ಸ್ಯಾಂಪಲ್ ತುಂಬಿಕೊಡಬೇಕು. ಈ 10ಕ್ಕೆ ಕೆಎಸ್‌ಎಂಪಿಎಸ್ ಎಂದು ಹೆಸರು. ಎಷ್ಟೋ ದೋಷಗಳು ಈ ಗಡಿಯಲ್ಲಿ ಅಡಗಿರುತ್ತವೆ: ಸುತ್ತಿನ ಕೊನೆಯ ಅಂಕಿಯನ್ನು ಮುಂದಿನ ಸುತ್ತಿಗೆ ಉಳಿಸಿಕೊಳ್ಳದಿರುವುದು, 10 ಎಂಬುದನ್ನೇ ಕೋಡ್‌ನಲ್ಲಿ ಗಟ್ಟಿಯಾಗಿ ಬರೆದುಬಿಡುವುದು. ನನ್ನ ಪರೀಕ್ಷೆ ಸರಳ. ಅದನ್ನು 1 ಮಾಡಿ ಕೇಳಿ, ಆಮೇಲೆ 100 ಮಾಡಿ ಕೇಳಿ. ನಾದ ಬದಲಾದರೆ ದೋಷ ಗಡಿಯಲ್ಲಿದೆ, ತಂತಿಯ ಗಣಿತವನ್ನು ಮುಟ್ಟಬೇಡಿ.

ಸಿ ಭಾಷೆಯೂ ಮರ್ರೆ ಹಿಲ್‌ನಲ್ಲೇ ಹುಟ್ಟಿದ್ದು ಎಂದರೆ ಹುಡುಗರ ಕಣ್ಣು ಅರಳುತ್ತದೆ. ಅದೇ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಅದನ್ನು ರೂಪಿಸಿದರು. ಯುನಿಕ್ಸ್ 1973ರಲ್ಲಿ ಸಿ ಭಾಷೆಗೆ ಬಂದದ್ದು ಕೂಡ ಪಿಡಿಪಿ-11ರ ಮೇಲೆಯೇ. ಆದರೆ ಮ್ಯೂಸಿಕ್ 11 ಆ ಯಂತ್ರದ ಅಸೆಂಬ್ಲಿ ಭಾಷೆಯಲ್ಲಿತ್ತು, ಯಂತ್ರ ಹೋದರೆ ಅದೂ ಹೋಗಬೇಕಿತ್ತು. ವರ್ಕೋ ಅದನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. 1986ರಲ್ಲಿ ಬಂದ ಆ ಸಿಸೌಂಡ್ ಇಂದಿನ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ.

ಯಂತ್ರದಿಂದ ಯಂತ್ರಕ್ಕೆ ದಾಟಿಸುವ ಸಿ ಅದಕ್ಕೆ ಬೆಲೆಯನ್ನೂ ಕೇಳುತ್ತದೆ: ಬರೆದವರನ್ನು ಅದು ಪೂರ್ತಿ ನಂಬುತ್ತದೆ. ನಮ್ಮ ಪ್ಲಗಿನ್ ಅಥವಾ ಓಪ್‌ಕೋಡ್ ಒಂದು ಸ್ಟ್ರಕ್ಚರ್ ಇಟ್ಟುಕೊಂಡಿರುತ್ತದೆ. ಅದರ ಮೊದಲ ಸ್ಥಾನ ಸಿಸೌಂಡ್‌ನದು. ನಂತರ ಹೊರಹೋಗುವ ಸಂಕೇತಗಳ ಪಾಯಿಂಟರ್‌ಗಳು, ನಂತರ ಒಳಬರುವವು, ಕೊನೆಯಲ್ಲಿ ನಮ್ಮ ಸ್ವಂತ ಅಂಕಿಗಳು. ಎಷ್ಟು ಬರುತ್ತವೆ, ಯಾವ ವೇಗದವು ಎಂಬುದನ್ನು ಬೇರೊಂದು ಕಡೆ ಅಕ್ಷರಗಳಲ್ಲಿ ಬರೆದಿರುತ್ತೇವೆ. ಸಿಸೌಂಡ್ ಆ ಅಕ್ಷರ ಓದಿ ಸ್ಟ್ರಕ್ಚರನ್ನು ಮೇಲಿನಿಂದ ಕೆಳಗೆ ತುಂಬುತ್ತಾ ಹೋಗುತ್ತದೆ. ಎರಡಕ್ಕೂ ಹೊಂದಿಕೆ ತಪ್ಪಿದರೆ ಶ್ರುತಿಯ ಜಾಗಕ್ಕೆ ಜೋರು ಬರುತ್ತದೆ, ಇಲ್ಲವೇ ಪ್ರೋಗ್ರಾಮೇ ಕುಸಿಯುತ್ತದೆ. ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಇನ್ನೊಂದು, ಮುಗಿದ ಸ್ವರದ ಸ್ಟ್ರಕ್ಚರನ್ನು ಸಿಸೌಂಡ್ ಮುಂದಿನ ಸ್ವರಕ್ಕೆ ಕೊಡುತ್ತದೆ. ಆರಂಭದ ಫಂಕ್ಷನ್‌ನಲ್ಲಿ ಎಲ್ಲವನ್ನೂ ಸೊನ್ನೆ ಮಾಡದಿದ್ದರೆ ಹಳೆಯ ಮೀಟಿನ ಉಳಿಕೆ ಹೊಸ ಮೀಟಿನಲ್ಲಿ ಟಪ್ಪೆನ್ನುತ್ತದೆ. ಮೊದಲ ಮೀಟು ಶುದ್ಧ, ಎರಡನೆಯದರಿಂದ ಸದ್ದು ಎಂದು ಯಾರಾದರೂ ಹೇಳಿದರೆ ನಾನು ನೇರ ಅಲ್ಲಿಗೇ ಹೋಗುತ್ತೇನೆ.

ತಂತಿಯ ಗಣಿತಕ್ಕೆ ಬೇರೊಂದು ವಂಶಾವಳಿ ಇದೆ. 1983ರಲ್ಲಿ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ ಒಂದು ಸೋಜಿಗದ ವಿಧಾನ ಪ್ರಕಟಿಸಿದರು. ಒಂದು ಸಾಲಿನಲ್ಲಿ ಯಾದೃಚ್ಛಿಕ ಅಂಕಿ ತುಂಬಿ, ಸುತ್ತುತ್ತಾ, ಅಕ್ಕಪಕ್ಕದ ಎರಡರ ಸರಾಸರಿ ತೆಗೆಯುತ್ತಾ ಹೋದರೆ ಮೀಟಿದ ತಂತಿ ಕೇಳಿಸುತ್ತದೆ. ಸಾಲಿನ ಉದ್ದವೇ ಶ್ರುತಿ. ಆದರೆ ಉದ್ದ ಪೂರ್ಣಾಂಕ. 44,100ರ ವೇಗದಲ್ಲಿ 880 ಹರ್ಟ್ಸ್ ಬೇಕೆಂದರೆ ಹತ್ತಿರದ ಉದ್ದ 50, ಸರಾಸರಿ ತೆಗೆಯುವುದರಿಂದ ಅರ್ಧ ಸ್ಯಾಂಪಲ್ ಕೂಡಿ 50.5. ಹೊರಡುವುದು 873 ಹರ್ಟ್ಸ್, ಅರ್ಧಸ್ವರದ ನೂರರಲ್ಲಿ 13 ಪಾಲು ಇಳಿದ ಸ್ವರ. ಗಿಟಾರಿನ ಒಂದು ಗತ್ತಿನಲ್ಲಿ ಇದು ದಾಟಿಹೋಗಬಹುದು. ಶ್ರುತಿಗಾಗಿಯೇ ಇರುವ ವಾದ್ಯದಲ್ಲಿ ಕ್ಷಮೆ ಇಲ್ಲ. ಡೇವಿಡ್ ಜಾಫೆ ಮತ್ತು ಜೂಲಿಯಸ್ ಸ್ಮಿತ್ ಅದೇ ವರ್ಷ ಇದಕ್ಕೆ ಪರಿಹಾರ ಕೊಟ್ಟರು: ಸುತ್ತಿನೊಳಗೆ ಒಂದು ಆಲ್‌ಪಾಸ್ ಫಿಲ್ಟರ್ ಇಟ್ಟು ಸ್ಯಾಂಪಲ್ಲಿನ ಭಿನ್ನರಾಶಿಯಷ್ಟು ತಡಮಾಡುವುದು.

ತಂತಿ ಕ್ಷೀಣಿಸುತ್ತಾ ಹೋದಾಗ ಬರುವ ತೊಂದರೆ ವಿಚಿತ್ರದ್ದು. ನಾದ ನಿಂತಿದೆ, ಪ್ರೊಸೆಸರ್ ಮಾತ್ರ ಏದುಸಿರು ಬಿಡುತ್ತಿದೆ. 32 ಬಿಟ್ ಅಂಕಿ ದಶಮಾಂಶದ ನಂತರ 37 ಸೊನ್ನೆಗಳಷ್ಟು ಚಿಕ್ಕದಾದ ಮೇಲೆ ಡೀನಾರ್ಮಲ್ ಎನಿಸಿಕೊಳ್ಳುತ್ತದೆ. ಪೆಂಟಿಯಂ 4ರ ಕಾಲದ ಪ್ರೊಸೆಸರ್‌ಗಳು ಅಂಥ ಅಂಕಿ ಬಂದರೆ ತೀರಾ ನಿಧಾನವಾಗುತ್ತಿದ್ದವು. ಆಗಿನವರು ಕಿವಿಗೆ ಕೇಳಿಸದಷ್ಟು ಸದ್ದನ್ನು ಬೆರೆಸಿ ಪಾರಾದರು. ಈಗ ಅಂಥವನ್ನು ಸೊನ್ನೆ ಮಾಡೆಂದು ಪ್ರೊಸೆಸರ್‌ಗೇ ಹೇಳಬಹುದು.

ಇಷ್ಟೆಲ್ಲ ಸರಿಮಾಡಿದರೂ ಕೇಳಿಸುವುದು ತಂತಿ, ತಂಬೂರಿ ಅಲ್ಲ. ಸಿ. ವಿ. ರಾಮನ್ 1921ರಲ್ಲೇ ಇದರ ಕಾರಣಕ್ಕೆ ಕೈಹಾಕಿದ್ದರು. ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಉಪಸ್ವರ ಹುಟ್ಟಬಾರದು ಎಂದು ಪುಸ್ತಕದ ನಿಯಮವಿದೆಯೋ ಅಲ್ಲೇ ಮೀಟಿದರೂ ವೀಣೆ, ತಂಬೂರಿಗಳಲ್ಲಿ ಆ ಉಪಸ್ವರ ಜೋರಾಗಿ ಕೇಳುತ್ತದೆ, ಅದು ತಂತಿಗಳನ್ನು ಹೊರುವ ಬಾಗಿದ ಕುದುರೆಯ ಗುಣ ಎಂದು ಬರೆದರು. ಕುದುರೆಯ ಮೇಲಿನ ನೂಲನ್ನು ಕೂದಲೆಳೆಯಷ್ಟು ಸರಿಸಿ ಜೀವಾಳಿ, ಅಂದರೆ ತಂಬೂರಿಯ ಝೇಂಕಾರ, ಹಿಡಿಯುವವರಿಗೆ ಇದು ಬೆರಳಲ್ಲೇ ಗೊತ್ತಿತ್ತು. 1970ರ ದಶಕದ ಕೊನೆಗೆ ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದರು. ಪಾಠದ ಮನೆಗಳಲ್ಲಿ ಆ ಪೆಟ್ಟಿಗೆಯ ನಾದದಲ್ಲಿ ಬೆಳೆದ ಪೀಳಿಗೆಯವರೇ ಈಗ ನನ್ನ ಮುಂದೆ ಕೂತು ಸಿ ಬರೆಯುತ್ತಿದ್ದಾರೆ.

2016ರಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಮಾರ್ಟನ್ ವಾನ್ ವಾಲ್‌ಸ್ಟೈನ್ ಮತ್ತು ಸಂಗಡಿಗರು ತಂತಿ ಕುದುರೆಗೆ ಬಡಿಯುವುದನ್ನೇ ಲೆಕ್ಕ ಹಾಕುವ ತಂಬೂರಿ ಮಾದರಿ ಪ್ರಕಟಿಸಿದರು. ಈ ಬಡಿತದ ಗಣಿತವನ್ನು ಅಜಾಗರೂಕವಾಗಿ ಬರೆದರೆ ಅಂಕಿಗಳು ಸ್ಫೋಟಿಸಿ ನ್ಯಾನ್ ಆಗುತ್ತವೆ. ಸಂಖ್ಯೆಯೇ ಅಲ್ಲದ ಆ ಬೆಲೆ ಒಮ್ಮೆ ಸುತ್ತಿನೊಳಗೆ ಸೇರಿತೆಂದರೆ ಸ್ವರ ಮುಗಿಯುವವರೆಗೂ ಹೊರಬರುವುದಿಲ್ಲ. ಇಲ್ಲಿ ನಾನು ಹುಡುಗರಿಂದ ಮಾಡಿಸುವುದು ಒಂದೇ ಕೆಲಸ. ಮೀಟಿದ ಮೇಲೆ ತಂತಿಗೆ ಹೊರಗಿನಿಂದ ಶಕ್ತಿ ಬರುವುದಿಲ್ಲ, ಆದ್ದರಿಂದ ಪ್ರತಿ ಸ್ಯಾಂಪಲ್ಲಿಗೂ ತಂತಿಯ ಒಟ್ಟು ಶಕ್ತಿಯನ್ನು ಲೆಕ್ಕ ಹಾಕಿ ಫೈಲಿಗೆ ಬರೆಸುತ್ತೇವೆ. ಆ ಅಂಕಿ ಎಲ್ಲಿ ಮೊದಲು ಏರಿತೋ ಆ ಸ್ಯಾಂಪಲ್ಲಿನಲ್ಲಿ ಡಿಬಗ್ಗರನ್ನು ನಿಲ್ಲಿಸಿ, ಕುದುರೆಯ ಲೆಕ್ಕದ ಸಾಲುಗಳನ್ನು ಹಿಂದಿನಿಂದ ಮುಂದಕ್ಕೆ ಒಂದೊಂದಾಗಿ ಓದಲು ಕೂರುತ್ತೇವೆ.