ಅಲೆಯ ಗೆರೆ: ತಾಮ್ರಪಟದಿಂದ ಟ್ಯಾಬ್ಲೆಟ್‌ವರೆಗೆ

ಸರ್ಫಿಂಗ್ ಚಿತ್ರಗಳಲ್ಲಿ ಕೈಗೆಲಸಕ್ಕೆ ಯಂತ್ರ ಜೊತೆಯಾದದ್ದು ಕಂಪ್ಯೂಟರ್ ಬಂದ ಮೇಲೆ ಎಂದುಕೊಂಡವರು ಬಹಳ. ಚರಿತ್ರೆ ಹಾಗೆ ಹೇಳುವುದಿಲ್ಲ. ಕ್ಯಾಪ್ಟನ್ ಕುಕ್‌ನ ಮೂರನೆಯ ಯಾನದಲ್ಲಿದ್ದ ಚಿತ್ರಕಾರ ಜಾನ್ ವೆಬ್ಬರ್ ಹವಾಯಿಯ ಕೆಅಲಕೆಕುವಾ ಕೊಲ್ಲಿಯನ್ನು ಬರೆದ. 1784ರಲ್ಲಿ ಅಚ್ಚಾದ ಅದರ ಕೆತ್ತನೆಯ ಪ್ರತಿಯಲ್ಲಿ, ದೋಣಿಗಳ ನಡುವೆ ಹಲಗೆಯ ಮೇಲೆ ಬೋರಲಾಗಿ ಮಲಗಿ ಕೈಯಿಂದ ನೀರು ತಳ್ಳುತ್ತಿರುವವನೊಬ್ಬ ಕಾಣುತ್ತಾನೆ. ಬರೆದ ಕೈ ಒಂದು, ಕೆತ್ತಿದ ಕೈ ಇನ್ನೊಂದು, ಮನೆಮನೆಗೆ ಮುಟ್ಟಿಸಿದ್ದು ಅಚ್ಚಿನ ಯಂತ್ರ. ಚಾರ್ಲ್ಸ್ ಬಾರ್ಟ್ಲೆಟ್ ಎಂಬ ಇಂಗ್ಲಿಷ್ ಕಲಾವಿದ ಹೊನೊಲುಲುವಿನ ಅಲೆಸವಾರರನ್ನು ಬರೆದು, ಟೋಕಿಯೋದ ಪ್ರಕಾಶಕ ವತಾನಬೆ ಶೋಜಬುರೋನ ಕುಶಲಕರ್ಮಿಗಳಿಂದ ಮರದಚ್ಚಿನಲ್ಲಿ ಅಚ್ಚು ಹಾಕಿಸಿದ್ದೂ ಹೀಗೇ ಹಲವು ಕೈಗಳ ಕೂಡಿಕೆಯಿಂದ.

1960ರಲ್ಲಿ ಜಾನ್ ಸೆವರ್ಸನ್ ಕ್ಯಾಲಿಫೋರ್ನಿಯಾದಲ್ಲಿ 'ಸರ್ಫರ್' ಪತ್ರಿಕೆ ಆರಂಭಿಸಿದ. ಅದರಲ್ಲೇ ರಿಕ್ ಗ್ರಿಫಿನ್‌ನ 'ಮರ್ಫಿ' ಎಂಬ ತುಂಟ ಹುಡುಗ ಕಾಮಿಕ್ಸ್ ಆಗಿ ಹುಟ್ಟಿದ. ಆದರೆ ನನ್ನ ಮಟ್ಟಿಗೆ ತಿರುವು ಬಂದದ್ದು 1964ರಲ್ಲಿ, 'ದಿ ಎಂಡ್‌ಲೆಸ್ ಸಮರ್' ಚಲನಚಿತ್ರಕ್ಕೆ ಜಾನ್ ವ್ಯಾನ್ ಹ್ಯಾಮರ್ಸ್‌ವೆಲ್ಡ್ ಮಾಡಿದ ಪೋಸ್ಟರಿನಿಂದ. ಆಗ ಅವನಿನ್ನೂ ಕಲಾಶಾಲೆಯ ವಿದ್ಯಾರ್ಥಿ. ಕಡಲತೀರದಲ್ಲಿ ತೆಗೆದ ಫೋಟೋದಿಂದ ನಡುಛಾಯೆಗಳನ್ನೆಲ್ಲ ಕಿತ್ತು ಹಾಕಿ, ಆಕೃತಿಗಳನ್ನು ಬರೀ ಚಪ್ಪಟೆ ಬಣ್ಣಕ್ಕಿಳಿಸಿದ. ಅಕ್ಷರಗಳನ್ನು ಕೈಯಲ್ಲೇ ಬರೆದ. ಕಣ್ಣು ಕುಕ್ಕುವ ಹಳದಿ, ಕಿತ್ತಳೆ, ಗುಲಾಬಿ ಬಣ್ಣಗಳು. ಇಂದು ಫೋಟೋಶಾಪ್‌ನಲ್ಲಿ ಒಂದು ಗುಂಡಿ ಒತ್ತಿದರೆ ಆಗುವ ಕೆಲಸವನ್ನು ಅವನು ಕತ್ತಲಕೋಣೆಯಲ್ಲಿ, ಕೈಯಿಂದಲೇ ಮುಗಿಸಿದ್ದ.

ಮುಂದಿನದು ಸಾಧನಗಳ ಕಥೆ, ಬೇಗ ಹೇಳಬಹುದು: 1987ರಲ್ಲಿ ಗೆರೆಚಿತ್ರದ ತಂತ್ರಾಂಶ ಇಲ್ಲಸ್ಟ್ರೇಟರ್, 1990ರಲ್ಲಿ ಫೋಟೋಶಾಪ್, 2011ರಲ್ಲಿ ಐಪ್ಯಾಡಿನಲ್ಲಿ ಚಿತ್ರ ಬರೆಯುವ ಪ್ರೊಕ್ರಿಯೇಟ್, 2015ರಲ್ಲಿ ಐಪ್ಯಾಡಿನ ಪರದೆಯ ಮೇಲೆ ಬರೆಯುವ ಆಪಲ್ ಪೆನ್ಸಿಲ್.

ಇವತ್ತಿನ ಸಾಮಾನ್ಯ ಕ್ರಮ ಹೀಗಿದೆ. ಪೆನ್ಸಿಲ್ಲಿನಲ್ಲಿ ಅಲೆಯ ಸುಳಿ ಹಿಡಿದು, ಅದರ ಮೇಲೆ ಇಂಡಿಯನ್ ಇಂಕ್ ಎಳೆಯುತ್ತಾರೆ. ಸ್ಕ್ಯಾನ್ ಮಾಡಿ, ಕಾಗದದ ಬೂದುಬಣ್ಣ ಕಳೆಯುತ್ತಾರೆ. ಗೆರೆಯ ಪದರವನ್ನು ಬಿಳಿ ಮರೆಯಾಗುವ 'ಮಲ್ಟಿಪ್ಲೈ' ವಿಧಾನಕ್ಕೆ ಇಟ್ಟು ಬಣ್ಣವನ್ನು ಅದರ ಕೆಳಗಿನ ಪದರದಲ್ಲಿ ತುಂಬುತ್ತಾರೆ. ಟೀಶರ್ಟಿಗೆ ಸ್ಕ್ರೀನ್ ಪ್ರಿಂಟ್ ಮಾಡುವುದಾದರೆ ಬಣ್ಣಕ್ಕೊಂದು ಪರದೆ ಬೇಕು, ಹಾಗಾಗಿ ಮೂರು-ನಾಲ್ಕು ಬಣ್ಣಗಳಲ್ಲೇ ಸಾಗರವನ್ನು ಮುಗಿಸುವ ಜಿಪುಣತನ ಈಗಲೂ ಕಲಿಯಬೇಕಾದದ್ದೇ.

ಕೆಡುವುದು ಗೆರೆಯನ್ನು ವೆಕ್ಟರ್ (ಬಿಂದುಗಳನ್ನು ಜೋಡಿಸುವ ರೇಖೆ) ಮಾಡುವ ಹಂತದಲ್ಲಿ. ತಂತ್ರಾಂಶ ತಾನೇ ಜಾಡು ಹಿಡಿದಾಗ ಕುಂಚದ ಒಣ ಅಂಚು ಮಾಯವಾಗುತ್ತದೆ, ಚೂಪು ತುದಿಗಳು ದುಂಡಾಗುತ್ತವೆ. ನೊರೆ ಹತ್ತಿಯ ಉಂಡೆಯಂತಾಗುತ್ತದೆ. ಅಲೆ ಮಗುಚುವ ತುಟಿಯಂಚಿನಲ್ಲಿ ನೀರು ತೆಳುವಾಗುತ್ತದೆ; ಗೆರೆಯೂ ಅಲ್ಲಿ ಸವೆಯಬೇಕು. ಅದಕ್ಕೇ ಅನುಭವಿಗಳು ಸ್ಕ್ಯಾನನ್ನು ಹಾಗೇ ಉಳಿಸಿಕೊಳ್ಳುತ್ತಾರೆ, ಇಲ್ಲವೇ ಬಿಂದುಗಳನ್ನು ಒಂದೊಂದಾಗಿ ತಿದ್ದುತ್ತಾರೆ.

ಕೊನೆಗೆ ನಮ್ಮ ಕಡಲಿನ ಮಾತು: 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆದ, ಮಂಗಳೂರು ಬಳಿಯ ಸಸಿಹಿತ್ಲುವಿನಲ್ಲಿ ನಂದಿನಿ, ಶಾಂಭವಿ ನದಿಗಳು ಕಡಲು ಸೇರುತ್ತವೆ. ಅಲ್ಲಿನ ನೀರಿನ ಬಣ್ಣ ಬೇರೆ, ಅಲೆಯ ಮೈಕಟ್ಟೂ ಬೇರೆ. ನಮ್ಮ ಚಿತ್ರಕಾರರು ಹವಾಯಿಯ ಫೋಟೋ ಇಟ್ಟುಕೊಂಡು ಜಾಡು ಎಳೆಯುವ ಮೊದಲು ಪುಸ್ತಕ, ಪೆನ್ಸಿಲ್ ಹಿಡಿದು ಆ ಮರಳಲ್ಲಿ ಒಮ್ಮೆ ಕೂತು ಬರಲಿ.