ಎರಡು ಅಂಕಗಳ ಅಂತರ

ಕ್ರಿಕೆಟ್ಟಿನ ಒಂದೊಂದು ಓಟವನ್ನೂ ನೆನಪಿಡುವ ನಮ್ಮ ಬೆಂಗಳೂರು 2017ರ ಜುಲೈ 29ನ್ನು ಮರೆತಂತಿದೆ. ಅಂದು ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲಿನ ಕೊನೆಯ ದಿನ.

1965ರಲ್ಲಿ ಸಿಯೋಲ್ ನಗರದಲ್ಲಿ ಮೊದಲಾದ ಈ ಪಂದ್ಯಾವಳಿಯ ಪ್ರಶಸ್ತಿ ಅಲ್ಲಿಯವರೆಗೆ ದಕ್ಷಿಣ ಕೊರಿಯಾ, ಚೀನಾ, ಜಪಾನುಗಳನ್ನು ಬಿಟ್ಟು ಬೇರೆಯವರಿಗೆ ಹೋಗಿರಲಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ತಂಡಗಳು ಮೊದಲ ಸಲ ಸೇರಿದ್ದೂ ಬೆಂಗಳೂರಿನಲ್ಲಿಯೇ. ಕಂಠೀರವದಲ್ಲಲ್ಲದೆ, ಬಿ.ಟಿ.ಎಂ. ಬಡಾವಣೆಗೆ ನೆರೆಯಾದ ಕೋರಮಂಗಲದ ಒಳಾಂಗಣದಲ್ಲೂ ಆಟಗಳು ನಡೆದವು. ಜಯನಗರದವರಿಗೆ ಅದೇನು ಬಹಳ ದೂರವೆ?

ಬಲಿಷ್ಠವಾದ ಎಂಟು ತಂಡಗಳು ‘ಎ’ ವಿಭಾಗದಲ್ಲಿ, ಉಳಿದವು ‘ಬಿ’ಯಲ್ಲಿ. ಮದುವೆಯ ಮನೆಯವರು ಕೊನೆಯ ಪಂಕ್ತಿಗೆ ಕೂರುವಂತೆ, ಆತಿಥೇಯ ಭಾರತಕ್ಕೂ ‘ಬಿ’ಯಲ್ಲಿಯೇ ಎಡೆ. ಆದರೆ ಇದು ಉಪಚಾರದ ಮಾತಲ್ಲ. ಮೇಲಿನ ಪಂಕ್ತಿಗೆ ಏರಲು ‘ಬಿ’ಯಲ್ಲಿ ಗೆದ್ದ ಒಂದೇ ತಂಡಕ್ಕೆ ಅವಕಾಶ.

ಪುಣೆಯ ಶಿರೀನ್ ಲಿಮಯೆ, ಕೇರಳದ ಜೀನಾ ಮೊದಲಾದವರಿದ್ದ ನಮ್ಮ ತಂಡ ಕಜಕಸ್ತಾನವನ್ನು 75-73ರಿಂದ ಸೋಲಿಸಿತು. ಅದೇ ದಿನ ಜಪಾನು ಆಸ್ಟ್ರೇಲಿಯಾವನ್ನು ಒಂದೇ ಅಂಕದಿಂದ, 74-73ರಿಂದ, ಗೆದ್ದು ಕಪ್ಪನ್ನು ಉಳಿಸಿಕೊಂಡಿತು.

2019ರಲ್ಲಿ ಏಷ್ಯಾ ಕಪ್ ಮತ್ತೆ ಇಲ್ಲಿಗೇ ಬಂದಿತು. ‘ಎ’ ವಿಭಾಗಕ್ಕೆ ಏರಿದ್ದ ಭಾರತ ಎಂಟರಲ್ಲಿ ಎಂಟನೆಯದಾಯಿತು. 2021ರಲ್ಲಿ ಅಮ್ಮಾನಿನಲ್ಲೂ ಅದೇ ಗತಿ. ಹಾಗಾದರೆ ಆ ಗೆಲುವು ವ್ಯರ್ಥವೆ? ಅಲ್ಲ. ಜಪಾನಿನಂಥವರ ಎದುರು ನಿಂತು ಸೋಲುವುದಕ್ಕೂ ಅರ್ಹತೆ ಬೇಕು. ಅದನ್ನು ಗಳಿಸಿಕೊಟ್ಟದ್ದು ಆ ಎರಡು ಅಂಕ.

ಬನಶಂಕರಿಯ ಯಾವುದಾದರೂ ಶಾಲೆಯ ಅಂಗಳದಲ್ಲಿ ಸಂಜೆ ಹುಡುಗಿಯೊಬ್ಬಳು ಕಬ್ಬಿಣದ ಬಳೆಗೆ ಚೆಂಡೆಸೆಯುತ್ತಿದ್ದರೆ, ಈ ತಾರೀಖನ್ನು ಅವಳಿಗೊಮ್ಮೆ ಹೇಳಿ.