ಕ್ಷೌರಕತ್ತಿ, ಸಾಣೆ, ಮಸೆಗಲ್ಲು: ರಾಯಕೋಟೆ ಸೀಮೆಯ ಒಂದು ಕಸುಬಿನ ಚರಿತ್ರೆಗೆ ಆಕರಗಳು

ಗಡಿಸೀಮೆಯ ಕಸುಬುಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಆಕರಗಳದು. ಮಗ್ಗಕ್ಕೆ ತೆರಿಗೆಯಿತ್ತು, ಆದುದರಿಂದ ಮಗ್ಗಗಳ ಲೆಕ್ಕ ಉಳಿದುಬಂದಿದೆ. ಕೆರೆಗೆ, ಗದ್ದೆಗೆ ಅಳತೆಯ ಕಡತಗಳಿವೆ. ಕ್ಷೌರಿಕನ ಚೀಲದೊಳಗೆ ಏನಿತ್ತು, ಅದನ್ನು ಅವನು ಹೇಗೆ ಹದದಲ್ಲಿಟ್ಟುಕೊಂಡಿದ್ದ ಎಂಬುದನ್ನು ಮಾತ್ರ ಯಾವ ಅಧಿಕಾರಿಯೂ ಬರೆದಿಡುವ ಅಗತ್ಯ ಕಾಣಲಿಲ್ಲ. ಹೀಗಾಗಿ ಈ ಕಸುಬಿನ ಚರಿತ್ರೆಯನ್ನು ಕಾಗದದ ಹೊರಗೆ ಹುಡುಕಬೇಕಾಗುತ್ತದೆ: ಮಾತಿನಲ್ಲಿ, ಕಲ್ಲಿನಲ್ಲಿ, ಸವೆದ ಉಕ್ಕಿನಲ್ಲಿ. ಈ ಮೂರನ್ನೂ ಆಕರಗಳೆಂದು ಓದಲು ಸಾಧ್ಯವೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಇದಕ್ಕೆ ರಾಯಕೋಟೆಯನ್ನು ಆಯ್ದುಕೊಳ್ಳಲು ಕಾರಣವಿದೆ. ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳ ನಡುವೆ, ಗುಡ್ಡದ ಕೋಟೆಯೊಂದರ ಬುಡದಲ್ಲಿರುವ ಈ ಊರು ಮೈಸೂರಿನ ಮೇಲ್ನಾಡಿಗೂ ಬಾರಾಮಹಲಿನ ತಗ್ಗಿಗೂ ನಡುವಿನ ಕಣಿವೆಬಾಗಿಲು. 1791ರ ಜುಲೈನಲ್ಲಿ ಇಂಗ್ಲಿಷರು ಕೋಟೆಯನ್ನು ಹಿಡಿದರು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಂತೆ ಬಾರಾಮಹಲ್ ಕಂಪನಿಯ ಪಾಲಾಯಿತು. 1799ರ ಮಾರ್ಚ್ ಆರಂಭದಲ್ಲಿ ಜನರಲ್ ಹ್ಯಾರಿಸನ ಸೈನ್ಯ ಮೈಸೂರು ಗಡಿಯನ್ನು ದಾಟಿದ್ದು ಇದೇ ಹಾದಿಯಲ್ಲಿ. ಇಂದು ರಾಯಕೋಟೆಯೆಂದರೆ ಟೊಮೇಟೊ ಮಂಡಿ ಎಂಬಂತಾಗಿದೆಯಾದರೂ, ಆ ಮಂಡಿಯಲ್ಲಿ ಈಗಲೂ ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಕೇಳಿಬರುತ್ತವೆ. ಒಂದು ವಸ್ತುವಿಗೆ ನಾಲ್ಕು ಭಾಷೆಗಳ ಹೆಸರುಗಳು ಒಂದೇ ಬೀದಿಯಲ್ಲಿ ದೊರೆಯುವುದು ಗಡಿಸೀಮೆಯ ಸಂಶೋಧಕನಿಗೆ ಒದಗಿದ ಭಾಗ್ಯವೇ ಸರಿ.

ಮೊದಲು ಮಾತು. ಕ್ಷೌರಿಕನನ್ನು ಸೂಚಿಸುವ ಪದಗಳೇ ಒಂದು ಚಿಕ್ಕ ಚರಿತ್ರೆ. ಕನ್ನಡದ ‘ನಾವಿಂದ’, ‘ನಾಯಿಂದ’ ಹಾಗೂ ತಮಿಳಿನ ‘ನಾವಿದನ್’ ಸಂಸ್ಕೃತ ‘ನಾಪಿತ’ದ ಬಳಗದವು. ‘ಕೆಲಸಿ’ ಎಂಬುದು ‘ಕೆಲಸ’ದಿಂದ ಬಂದದ್ದು, ಕ್ಷೌರವನ್ನೇ ಕೆಲಸವೆಂದು ಕರೆದ ಕನ್ನಡದ ಈ ರೂಢಿ ಗಮನಾರ್ಹ. ತೆಲುಗಿನ ‘ಮಂಗಲಿ’ಯಲ್ಲಿ ಮಂಗಳಕಾರ್ಯದ ನೆನಪಿದೆ. ‘ಹಜಾಮ’ ಅರಬ್ಬಿಯದು, ಮೂಲದಲ್ಲಿ ಕೊಂಬು ಹಚ್ಚಿ ಕೆಟ್ಟ ರಕ್ತ ತೆಗೆಯುವವನು ಎಂದರ್ಥ. ತಮಿಳಿನ ‘ಅಂಬಟ್ಟನ್’ ಪದವನ್ನು ವೈದ್ಯಾರ್ಥದ ‘ಅಂಬಷ್ಠ’ಕ್ಕೆ ಜೋಡಿಸುವ ವಾಡಿಕೆಯಿದ್ದು, 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಏಳು ಸಂಪುಟಗಳ ಗ್ರಂಥವೂ ಈ ಸಮುದಾಯದ ಗಂಡಸರ ಶಸ್ತ್ರವೈದ್ಯವನ್ನೂ ಹೆಂಗಸರ ಸೂಲಗಿತ್ತಿತನವನ್ನೂ ಉಲ್ಲೇಖಿಸುತ್ತದೆ. ಗಡ್ಡ ಹೆರೆಯುವುದೂ ಹುಣ್ಣು ಕೊಯ್ಯುವುದೂ ಒಂದೇ ಅಲಗಿನ ಕೆಲಸವಾಗಿದ್ದ ಕಾಲದಲ್ಲಿ ಅದರ ಹರಿತ ಜೀವದ ಪ್ರಶ್ನೆಯೂ ಆಗಿತ್ತೆಂಬುದನ್ನು ನಾವು ಮರೆಯಬಾರದು.

ಸಲಕರಣೆಯ ಚೀಲದ ಹೆಸರು ಇನ್ನೂ ಕುತೂಹಲದ್ದು. ಕನ್ನಡದ ‘ಹಡಪ’, ತಮಿಳಿನ ‘ಅಡಪ್ಪಮ್’, ತೆಲುಗಿನ ‘ಅಡಪಮು’ ಇವು ಒಂದೇ ಪದ. ಎಲೆಯಡಕೆಯ ಸಂಚಿಗೂ ಕ್ಷೌರಿಕನ ಚೀಲಕ್ಕೂ ಸಲ್ಲುವಂಥದು. ಹನ್ನೆರಡನೆಯ ಶತಮಾನದ ವಚನಕಾರ ಹಡಪದ ಅಪ್ಪಣ್ಣ ಬಸವಣ್ಣನವರ ಬಳಿ ತಾಂಬೂಲದ ಸಂಚಿ ಹೊತ್ತವನು. ಉತ್ತರ ಕರ್ನಾಟಕದ ಕ್ಷೌರಿಕ ಸಮುದಾಯ ಅವನ ಹೆಸರಿನಲ್ಲಿ ತನ್ನನ್ನು ಗುರುತಿಸಿಕೊಂಡಿದೆ. ಪದದ ಎರಡು ಅರ್ಥಗಳ ನಡುವೆ ಒಂದು ಸಮುದಾಯದ ಆತ್ಮಗೌರವ ನೆಲೆ ಕಂಡುಕೊಂಡಿರುವುದನ್ನು ನಿಘಂಟುಗಳು ಹೇಳುವುದಿಲ್ಲ.

ಹರಿತಗೊಳಿಸುವ ಕ್ರಿಯೆಗೆ ಕನ್ನಡದಲ್ಲಿ ಮೂರು ಮಾತುಗಳಿವೆ. ‘ಸಾಣೆ’ ಸಂಸ್ಕೃತದ ‘ಶಾಣ’. ತಮಿಳಿನಲ್ಲಿ ‘ಸಾಣೈ’, ತೆಲುಗಿನಲ್ಲಿ ‘ಸಾನ’. ಗಂಧ ತೇಯುವ ಕಲ್ಲೂ ಸಾಣೆಕಲ್ಲೇ. ‘ಮಸೆ’ ಅಚ್ಚಗನ್ನಡ. ಮೂರನೆಯದು ‘ತೀಡು’, ಇದು ತಮಿಳಿನ ‘ತೀಟ್ಟು’ವಿನ ಒಡಹುಟ್ಟು. ತಮಿಳರು ಇಂದಿಗೂ ಕತ್ತಿಯನ್ನು ‘ತೀಟ್ಟು’ತ್ತಾರೆ, ಕನ್ನಡದಲ್ಲಿ ಆ ಮಾತು ಕತ್ತಿಯನ್ನು ಬಿಟ್ಟು ಕಾಡಿಗೆಗೂ ಬರೆಹಕ್ಕೂ ಹೋಗಿದೆ: ಕಾಡಿಗೆ ತೀಡುತ್ತೇವೆ, ಲೇಖನವನ್ನು ತಿದ್ದಿ ತೀಡುತ್ತೇವೆ. ಲಾಕ್ಷಣಿಕ ಬಳಕೆಯಲ್ಲಿ ಮೂರೂ ಬೇರೆ ಬೇರೆ ದಾರಿ ಹಿಡಿದಿರುವುದು ವಿಶೇಷ. ಬುದ್ಧಿಗೆ ಸಾಣೆ ಹಿಡಿಯಬಹುದು. ಒಬ್ಬನ ಮೇಲೆ ಕತ್ತಿ ಮಸೆದರೆ ಮಾತ್ರ ಅದು ಹಗೆ. ತೆಲುಗಿನ ‘ನೂರು’ ಧಾತುವೂ ಇದೇ ಹಗೆಯ ಅರ್ಥವನ್ನು ಹೊತ್ತಿದೆ. ಅಲ್ಲಿಯೂ ಹಗೆಗಳು ಕತ್ತಿಗಳನ್ನು ‘ನೂರು’ತ್ತಾರೆ. ಮೂರು ಭಾಷೆಗಳ ಜನ ಒಂದೇ ಕಟ್ಟೆಯ ಮೇಲೆ ಕುಳಿತು ಗಡ್ಡ ಹೆರೆಸಿಕೊಂಡ ಸೀಮೆಯಲ್ಲಿ ಈ ಮಾತುಗಳಲ್ಲಿ ಯಾವುದು ಯಾರ ಬಾಯಲ್ಲಿ ಉಳಿದಿದೆ ಎಂಬುದು ಕ್ಷೇತ್ರಕಾರ್ಯಕ್ಕೆ ತಕ್ಕ ವಿಷಯ.

ಶಾಸನಗಳತ್ತ ಬಂದರೆ ಒಂದೇ ಒಂದು ಕಾಲಘಟ್ಟದಲ್ಲಿ ಕ್ಷೌರಿಕರು ಎದ್ದು ಕಾಣುತ್ತಾರೆ. ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ, ಅಳಿಯ ರಾಮರಾಯನು ಬಾದಾಮಿಯ ಕೊಂಡೋಜನೆಂಬ ನಾವಿಂದನ ಕೌಶಲಕ್ಕೆ ಮೆಚ್ಚಿ ನಾವಿಂದರ ತೆರಿಗೆ, ಬಿಟ್ಟಿ ಮುಂತಾದವುಗಳನ್ನು ಮಾಫಿ ಮಾಡಿದ. 1540ರ ದಶಕದ ಈ ಮಾಫಿಯನ್ನು ಸಾರುವ ಶಾಸನಗಳು ಕರ್ನಾಟಕದಲ್ಲಿಯೂ ಆಂಧ್ರದಲ್ಲಿಯೂ ದೊರೆತಿದ್ದು, ಕೆಲವು ಕಲ್ಲುಗಳ ಮೇಲೆ ಕಸುಬಿನ ಉಪಕರಣಗಳನ್ನೇ ಕೆತ್ತಲಾಗಿದೆ. ಸಾಮ್ರಾಜ್ಯದ ಅತ್ಯಂತ ಬಲಶಾಲಿಯ ಕೊರಳಿಗೆ ದಿನವೂ ಅಲಗು ತಾಗಿಸಬಲ್ಲವನ ಮೇಲಿನ ನಂಬಿಕೆ ಎಷ್ಟಿತ್ತೆಂಬುದನ್ನು ಈ ಶಾಸನಗಳಿಂದ ಊಹಿಸಬಹುದು. ಮುಂದೆ ಕಂಪನಿಯ ಕಾಲದಲ್ಲಿ ಕುಶಲಕರ್ಮಿಗಳ ಮತ್ತು ವ್ಯಾಪಾರಿಗಳ ಮೇಲೆ ‘ಮೊಹತರ್ಫಾ’ ತೆರಿಗೆ ಇದ್ದೇ ಇತ್ತು. ಬಾರಾಮಹಲ್ ದಾಖಲೆಗಳಲ್ಲಿ ಸುಂಕಗಳಿಗೂ ನಿವಾಸಿಗಳಿಗೂ ಬೇರೆ ಬೇರೆ ಭಾಗಗಳಿವೆ. ಉಪಕರಣದ ಚರಿತ್ರೆಗೆ ಅವುಗಳಿಂದ ದೊರೆಯುವುದು ಅಲ್ಪ.

ಇನ್ನು ಉಕ್ಕು. ಇಲ್ಲಿ ರಾಯಕೋಟೆಯ ಸುತ್ತಲಿನ ಸೀಮೆ ಲೋಕದ ಚರಿತ್ರೆಯೊಂದಿಗೆ ಅನಿರೀಕ್ಷಿತವಾಗಿ ಬೆಸೆದುಕೊಳ್ಳುತ್ತದೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಭಾರತದ ಮೂಸೆ ಉಕ್ಕಿನ ಕುರಿತು ಪ್ರಬಂಧ ಮಂಡಿಸಿದಾಗ ಅದನ್ನು ‘ವೂಟ್ಸ್’ ಎಂದು ಕರೆದ; ಇದು ಕನ್ನಡದ ‘ಉಕ್ಕು’ ಪದದ ಕೆಟ್ಟುಹೋದ ರೂಪವೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆ ಉಕ್ಕನ್ನು ಕಾಸಿ ಬಡಿದು ಪರೀಕ್ಷಿಸಿದ ಶಸ್ತ್ರೋಪಕರಣ ತಯಾರಕ ಜೇಮ್ಸ್ ಸ್ಟೋಡಾರ್ಟ್ ಸೂಕ್ಷ್ಮ ಅಲಗಿಗೆ ಇದು ಶ್ರೇಷ್ಠವೆಂದು ಮೆಚ್ಚಿದ. ಮುಂದೆ ಇವನೇ ಮೈಕಲ್ ಫ್ಯಾರಡೆಯೊಡನೆ ಉಕ್ಕಿನ ಮಿಶ್ರಲೋಹಗಳ ಪ್ರಯೋಗಕ್ಕಿಳಿದ. 1820 ಮತ್ತು 1822ರಲ್ಲಿ ಅವರ ಪ್ರಬಂಧಗಳು ಪ್ರಕಟವಾದವು. ಆ ಪ್ರಯೋಗಗಳ ಉಕ್ಕಿನಿಂದ ಮಾಡಿಸಿದ ಕ್ಷೌರಕತ್ತಿಗಳನ್ನು ಫ್ಯಾರಡೆ ಸ್ನೇಹಿತರಿಗೆ ಉಡುಗೊರೆ ಕೊಟ್ಟದ್ದೂ ಉಂಟು. ಇತ್ತ 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಕಡ್ಡಿಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಕಾಸಿ ಉಕ್ಕು ಮಾಡುವ ವಿಧಾನವನ್ನು ವಿವರವಾಗಿ ಬರೆದಿಟ್ಟ. ತಂಗಡಿ, ನಾವು ಆವರಿಕೆ ಎಂದೂ ಕರೆಯುವ ಹಳದಿ ಹೂವಿನ ಗಿಡ, ರಾಯಕೋಟೆಯ ಗುಡ್ಡಗಳ ಬುಡದಲ್ಲಿಯೂ ಬೆಳೆಯುತ್ತದೆ. ಅದೇ ಗಿಡದ ತೊಗಟೆಯಿಂದ ಚರ್ಮ ಹದಮಾಡುವುದೂ ಇತ್ತು. ಉಕ್ಕಿಗೂ ಅಲಗನ್ನು ಎಳೆಯುವ ತೊಗಲಪಟ್ಟಿಗೂ ಒಂದೇ ಗಿಡ ಬೇಕಾದದ್ದು ಆಕಸ್ಮಿಕವಿರಬಹುದು; ಆದರೂ ಹೇಳದಿರಲಾಗದು.

ಮದ್ರಾಸು ಸಿವಿಲ್ ಸೇವೆಯಲ್ಲಿದ್ದ ಜೋಸಯ್ಯ ಮಾರ್ಷಲ್ ಹೀತ್ ಸೇಲಂ ಸೀಮೆಯ ಅದಿರಿನ ಮೇಲೆ ಭರವಸೆಯಿಟ್ಟು ನೌಕರಿ ಬಿಟ್ಟು, 1830ರಲ್ಲಿ ಪರಂಗಿಪೇಟೆಯಲ್ಲಿ ಕಬ್ಬಿಣದ ಕಾರ್ಖಾನೆ ತೆರೆದ. ಉದ್ಯಮ ಏಳಿಗೆ ಕಾಣಲಿಲ್ಲ. ಊರಿಗೆ ಮರಳಿದ ಹೀತ್ 1839ರಲ್ಲಿ ಎರಕದ ಉಕ್ಕಿಗೆ ಮ್ಯಾಂಗನೀಸಿನ ಸಂಯುಕ್ತ ಬೆರೆಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಶೆಫೀಲ್ಡಿನ ಉಕ್ಕಿನ ಬೆಲೆ ಇಳಿದು ಗುಣ ಏರಿದ್ದು ಇದರಿಂದ. ಪೇಟೆಂಟಿನ ಮೇಲೆ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. 1851ರಲ್ಲಿ ತೀರಿಕೊಂಡ ಹೀತನಿಗೆ ಅದರ ಲಾಭ ದಕ್ಕಲಿಲ್ಲ. ಶೆಫೀಲ್ಡಿನ ಕತ್ತಿಗಳು ಮಾತ್ರ ಮದ್ರಾಸಿನ ಮತ್ತು ಬೆಂಗಳೂರು ದಂಡಿನ ಪೇಟೆಗಳಿಗೆ ಹೇರಳವಾಗಿ ಬಂದವು. ಸೇಲಂ ಅದಿರಿನಲ್ಲಿ ಹಣ ಕಳೆದುಕೊಂಡವನ ಅರಿವು ಶೆಫೀಲ್ಡಿನ ಮೂಸೆಯಲ್ಲಿ ಕರಗಿ, ಸಿದ್ಧವಸ್ತುವಾಗಿ ಇದೇ ಸೀಮೆಗೆ ಮಾರಾಟಕ್ಕೆ ಬಂತೆಂಬುದನ್ನು ನಮ್ಮ ಆರ್ಥಿಕ ಚರಿತ್ರೆಗಳು ಸಾಲದಷ್ಟು ಗಮನಿಸಿವೆ. ಊರ ಕಮ್ಮಾರ ಬಡಿದುಕೊಡುತ್ತಿದ್ದ ಕತ್ತಿ ಹಿಂದೆ ಸರಿದದ್ದು ಹೀಗೆ.

ಅಲಗು ಹೊರಗಿನದಾದರೂ ಹರಿತ ಊರಿನಲ್ಲೇ ಆಗಬೇಕಿತ್ತು. ಅದಕ್ಕೆ ಕಲ್ಲು ಬೇಕು. ಕೃಷ್ಣಗಿರಿ ಸೀಮೆ ಕಲ್ಲಿಗೆ ಹೆಸರಾದದ್ದು. ಇಲ್ಲಿಯ ಗ್ರಾನೈಟ್ ಇಂದು ಹಡಗೇರುತ್ತದೆ. ಆದರೆ ಹರಳುಹರಳಾದ ಈ ಒರಟು ಕಲ್ಲು ಕುಡುಗೋಲಿಗೆ ಒಗ್ಗಿದರೂ ಕ್ಷೌರಕತ್ತಿಗೆ ಒಗ್ಗದು. ಹತ್ತಿರದಲ್ಲೇ ಮತ್ತೊಂದು ನಿಧಿಯಿದೆ. ರಾಯಕೋಟೆಗೆ ದಕ್ಷಿಣದಲ್ಲಿ, ಧರ್ಮಪುರಿ ಬಳಿಯ ಪಾಪಾರಪಟ್ಟಿಯ ಸುತ್ತ ಕುರುಂದ ದೊರೆಯುತ್ತದೆ. ವಜ್ರವನ್ನು ಬಿಟ್ಟರೆ ಅತ್ಯಂತ ಗಡಸಾದ ಖನಿಜಗಳಲ್ಲಿ ಇದೊಂದು; ಮೋಸ್ ಅಳತೆಯಲ್ಲಿ 9. ಸಂಸ್ಕೃತದ ‘ಕುರುವಿಂದ’, ತಮಿಳಿನ ‘ಕುರುಂದಮ್’ ಪದವೇ ಯೂರೋಪಿಗೆ ಹೋಗಿ ‘ಕೊರಂಡಮ್’ ಆಯಿತು. ಚಾರ್ಲ್ಸ್ ಗ್ರೆವಿಲ್ 1798ರಲ್ಲಿ ಈ ಕಲ್ಲಿನ ಬಗ್ಗೆ ರಾಯಲ್ ಸೊಸೈಟಿಗೆ ಬರೆದ. ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಚಕ್ರ ಕಟ್ಟುವುದು ನಮ್ಮ ಸಾಣೆಗಾರರ ಹಳೆಯ ವಿದ್ಯೆ. ಆದರೆ ಸಾಣೆಚಕ್ರ ಉಕ್ಕನ್ನು ಬೇಗ ತಿನ್ನುತ್ತದೆ. ಮೊಂಡಾದ, ಬಾಯಿ ಮುರಿದ ಅಲಗಿಗೆ ಮಾತ್ರ ಅದು ತಕ್ಕದ್ದು. ನಿತ್ಯದ ಹದಕ್ಕೆ ಬೇಕಾದದ್ದು ನುಣುಪಾದ, ಕಣಗಳು ಕಣ್ಣಿಗೆ ಕಾಣದಂಥ ಮಸೆಗಲ್ಲು. ಬೆಲ್ಜಿಯಮ್ಮಿನ ಹಳದಿ ಕಲ್ಲು, ಜರ್ಮನಿಯ ತುರಿಂಗಿಯಾದ ಪದರಗಲ್ಲು ಲೋಕಪ್ರಸಿದ್ಧವಾದದ್ದು ಈ ಗುಣದಿಂದ. ಅಮೆರಿಕದ ಅರ್ಕನ್ಸಾ ಕಲ್ಲಿನ ಶಾಸ್ತ್ರೀಯ ಹೆಸರಾದ ‘ನೊವಾಕ್ಯುಲೈಟ್’ ಹುಟ್ಟಿದ್ದೇ ಲ್ಯಾಟಿನಿನಲ್ಲಿ ಕ್ಷೌರಕತ್ತಿಗಿರುವ ಪದದಿಂದ.

ಮಸೆಯುವ ಕ್ರಮವನ್ನು ಕೊಂಚ ವಿವರಿಸಬೇಕು, ಏಕೆಂದರೆ ಮುಂದಿನ ವಾದ ಇದರ ಮೇಲೆಯೇ ನಿಂತಿದೆ. ಅಡಿಗೆಯ ಚಾಕುವನ್ನು ಮಸೆಯುವಾಗ ಕೋನವನ್ನು ಕೈ ಅಂದಾಜಿಸಬೇಕು. ಕ್ಷೌರಕತ್ತಿಯಲ್ಲಿ ಹಾಗಲ್ಲ. ಅಲಗನ್ನು ಬೆನ್ನು, ಬಾಯಿ ಎರಡೂ ತಾಗುವಂತೆ ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸುತ್ತಾರೆ. ಬೆನ್ನಿನ ದಪ್ಪವೇ ಕೋನವನ್ನು ನಿರ್ಧರಿಸುತ್ತದೆ, ಸಾಮಾನ್ಯವಾಗಿ 16ರಿಂದ 18 ಡಿಗ್ರಿ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಸಾಗುತ್ತದೆ. ಕೊನೆ ಮುಟ್ಟಿದಾಗ ಅಲಗನ್ನು ಬೆನ್ನಿನ ಮೇಲೆಯೇ ಹೊರಳಿಸಿ ಹಿಂದಕ್ಕೆ ತರಬೇಕು. ತೊಗಲಪಟ್ಟಿಯ ಮೇಲೆ ಇದಕ್ಕೆ ವಿರುದ್ಧ: ಬೆನ್ನು ಮುಂದು, ಬಾಯಿ ಹಿಂದು. ಒತ್ತಡ ಹೆಚ್ಚಾದರೆ ತೆಳುವಾದ ಅಂಚು ಬಾಗುತ್ತದೆ. ಪ್ರತಿ ಮಸೆತದಲ್ಲಿಯೂ ಬಾಯಿಯ ಜೊತೆಗೆ ಬೆನ್ನೂ ಸವೆಯುವುದರಿಂದ ಕೋನ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ.

ಅಂದರೆ, ಕತ್ತಿಯ ಬೆನ್ನಿನ ಮೇಲಿನ ಚಪ್ಪಟೆ ಪಟ್ಟಿ ಅದು ಕಂಡ ಮಸೆತಗಳ ದಾಖಲೆ. ಪಟ್ಟಿ ಒಂದು ಮಗ್ಗುಲಲ್ಲಿ ಅಗಲವಾಗಿದ್ದರೆ ಮಸೆದವನ ಕೈಯ ಒಲವು ತಿಳಿಯುತ್ತದೆ. ನಡುವೆ ತಗ್ಗುಬಿದ್ದ ಹಳೆಯ ಕಲ್ಲನ್ನೇ ಬಳಸಿದ್ದರೆ ಅಲಗಿನ ಬಾಯಿ ಹೊರಗೆ ಬಾಗಿರುತ್ತದೆ. ಹಿಡಿಯ ಕಡೆ ಒತ್ತಿದ್ದರೆ ಅಲ್ಲಿ ಅಲಗು ಕಿರಿದಾಗಿರುತ್ತದೆ. ಕಂಪನಿಯ ಮುದ್ರೆ ಹೇಳುವುದು ತಯಾರಾದ ಊರನ್ನು, ಅದೃಷ್ಟವಿದ್ದರೆ ಕಾಲವನ್ನು: ಕಿರೀಟದೊಡನೆ ವಿಕ್ಟೋರಿಯಾ ರಾಣಿಯ ಹೆಸರಿನ ಅಕ್ಷರಗಳಿದ್ದರೆ 1837ರಿಂದ 1901ರ ನಡುವಿನದು, ಜೋಸೆಫ್ ರಾಜರ್ಸ್ ಕಂಪನಿಯದಾದರೆ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ, ಜರ್ಮನಿಯ ಹೆಸರು ಇಂಗ್ಲಿಷಿನಲ್ಲಿದ್ದರೆ ಬಹುತೇಕ 1887ರ ಬ್ರಿಟಿಷ್ ಸರಕುಮುದ್ರೆ ಕಾನೂನಿನ ಅನಂತರದ್ದು. ಆ ಕತ್ತಿ ಇಲ್ಲಿ ಬಾಳಿದ ಬಾಳನ್ನು ಮಾತ್ರ ಮುದ್ರೆ ಹೇಳದು, ಸವೆತ ಹೇಳುತ್ತದೆ.

ಹಳೆಯ ಕತ್ತಿಗಳನ್ನು ಸಂಗ್ರಹಿಸಿ ‘ಹೊಸದರಂತೆ’ ಮಾಡುವ ಇತ್ತೀಚಿನ ಹವ್ಯಾಸದ ಬಗ್ಗೆ ನನಗೆ ಗೌರವವೂ ಅಳುಕೂ ಇರುವುದು ಇದೇ ಕಾರಣಕ್ಕೆ. ಮರಳುಕಾಗದದಿಂದ ಉಜ್ಜಿ, ಯಂತ್ರದ ಬಟ್ಟೆಚಕ್ರಕ್ಕೆ ಒಡ್ಡಿ ಕನ್ನಡಿಯಂತೆ ಹೊಳಪಿಸಿದ ಅಲಗಿನಲ್ಲಿ ಸವೆತದ ಪಟ್ಟಿಯೂ ಮುದ್ರೆಯೂ ಮಾಸುತ್ತವೆ. ಚಕ್ರದ ಕಾವಿಗೆ ತೆಳುವಾದ ಅಂಚು ನೀಲಿಗೆ ತಿರುಗಿದರೆ ಉಕ್ಕಿನ ಗಡಸುತನವೂ ಹೋದಂತೆಯೇ. ಅನಂತರ ಯಾವ ಕಲ್ಲೂ ಅದಕ್ಕೆ ಬಾಳುವ ಹರಿತವನ್ನು ಕೊಡಲಾರದು.

ಕಸುಬಿನಿಂದ ಮಸೆಗಲ್ಲು ಮರೆಯಾದ ಬಗೆಯನ್ನು ಬೇಗ ಹೇಳಬಹುದು. 1903ರಿಂದ ಮಾರಾಟಕ್ಕೆ ಬಂದ ಜಿಲೆಟ್ಟನ ಬ್ಲೇಡು ಮನೆಯ ಕ್ಷೌರವನ್ನು ಬದಲಿಸಿತೇ ಹೊರತು ಅಂಗಡಿಯ ಕತ್ತಿಯನ್ನು ಕೂಡಲೇ ಅಲ್ಲಾಡಿಸಲಿಲ್ಲ. 1986ರಲ್ಲಿ ಭಾರತದ ಮೊದಲ ಎಚ್‌ಐವಿ ಪ್ರಕರಣಗಳು ಮದ್ರಾಸಿನಲ್ಲಿ ಪತ್ತೆಯಾದವು. ಅದರ ಮುಂದಿನ ದಶಕದ ಜಾಗೃತಿಯ ಅಲೆಯಲ್ಲಿ ಗಿರಾಕಿಗೊಂದು ಹೊಸ ಬ್ಲೇಡು ಎಂಬುದು ರೂಢಿಯಾಯಿತು. ಅರ್ಧ ಬ್ಲೇಡನ್ನು ಸಿಕ್ಕಿಸುವ ಹಿಡಿಗೆ ಇಂದಿಗೂ ಕತ್ತಿ ಎಂದೇ ಹೆಸರು, ಅದನ್ನು ಮಸೆಯುವಂತಿಲ್ಲ. ಆರೋಗ್ಯದ ದೃಷ್ಟಿಯಿಂದ ಇದು ಸರಿಯಾದ ಬದಲಾವಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಹಿಂದೆ ಕಸುಬು ಕಲಿತವರಿಗೆ ಈಗ ಐವತ್ತು ದಾಟಿದೆ, ಹಲವರಿಗೆ ಎಪ್ಪತ್ತು.

ಆದುದರಿಂದ ಇಂಥ ಕತ್ತಿ ಕೈಗೆ ಬಂದಾಗ ಮೊದಲು ಮಾಡಬೇಕಾದದ್ದು ಅಳತೆ: ಹಿಡಿಯ ಕಡೆ, ನಡುವೆ, ತುದಿಯಲ್ಲಿ ಅಲಗಿನ ಅಗಲ, ಆ ಮೂರೆಡೆ ಬೆನ್ನಿನ ದಪ್ಪ, ಎರಡೂ ಮಗ್ಗುಲ ಛಾಯಾಚಿತ್ರ. ಕೆಂಪು ತುಕ್ಕನ್ನು ಎಣ್ಣೆ ಮತ್ತು ಮೆತ್ತನೆಯ ಬಟ್ಟೆಯಿಂದ ತೆಗೆಯಬಹುದು. ಕಪ್ಪು ಕಲೆಯನ್ನು ಮುಟ್ಟಬಾರದು. ಹಿಡಿ ಸೆಲ್ಯುಲಾಯ್ಡಿನದಾಗಿದ್ದು ಬಿರುಕು ಬಿಟ್ಟಿದ್ದರೆ ಅಂಥ ಕತ್ತಿಯನ್ನು ಉಳಿದವುಗಳಿಂದ ದೂರವಿಡಬೇಕು, ಏಕೆಂದರೆ ಕೊಳೆಯುವ ಸೆಲ್ಯುಲಾಯ್ಡಿನಿಂದ ಹೊರಡುವ ಆಮ್ಲದ ಆವಿ ನೆರೆಯ ಅಲಗುಗಳನ್ನೂ ತಿನ್ನುತ್ತದೆ. ಕಲ್ಲು ಜೊತೆಯಲ್ಲಿ ಸಿಕ್ಕಿದರೆ ಅದರ ತಗ್ಗನ್ನು ಸಮಮಾಡದೆ ಹಾಗೆಯೇ ಅಳೆದಿಡಬೇಕು. ಅಲಗಿನ ಬಾಗನ್ನು ಅದರೊಡನೆ ಹೊಂದಿಸಿ ನೋಡಬಹುದು. ಇಷ್ಟಾದ ಮೇಲೆ ಕಸುಬು ಬಲ್ಲ ಹಿರಿಯರೊಬ್ಬರ ಕೈಗೆ ಬೇರೊಂದು ಕತ್ತಿಯನ್ನೂ ಕಲ್ಲನ್ನೂ ಕೊಟ್ಟು ಮಸೆಯಲು ಕೇಳಿ, ಅವರು ಮಸೆಯುತ್ತ ಆಡುವ ಮಾತು ತಮಿಳಾಗಿರಲಿ, ತೆಲುಗಾಗಿರಲಿ, ಕನ್ನಡವಾಗಿರಲಿ, ಉರ್ದುವಾಗಿರಲಿ, ತಿದ್ದದೆ ಧ್ವನಿಮುದ್ರಿಸಿಕೊಳ್ಳಬೇಕು.